ಗಾಳಿ ತಿರುಗುವ ಹೊತ್ತು

ಹೊನ್ನಾವರದ ಹತ್ತಿರದ ಅಜ್ಜಿಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ತೆಂಕು-ಬಡಗಾಗಿ ಕಟ್ಟಿದ್ದರು. ಬೆಳಿಗ್ಗೆ ಹರವಿದ ಪಂಚೆ ಕಡಲಿನತ್ತ ಮೆಲ್ಲಗೆ ಉಬ್ಬಿಕೊಂಡಿರುತ್ತಿತ್ತು. ಹತ್ತೂವರೆಯ ಸುಮಾರಿಗೆ ಸುಮ್ಮನೆ ಜೋತುಬೀಳುತ್ತಿತ್ತು. ತೆಂಗಿನ ಗರಿ ಅಲ್ಲಾಡದು, ಬೆನ್ನ ಮೇಲೆ ಬೆವರು ಇಳಿಯುವುದು. ಇನ್ನೇನು ತಡೆಯಲಾಗದು ಎನ್ನುವಾಗ ಅದೇ ಪಂಚೆ ಮನೆಯತ್ತ ಉಬ್ಬುತ್ತಿತ್ತು. ಅಜ್ಜಿ ಅಂಗಳಕ್ಕೆ ಓಡಿ, ಚಾಪೆಯ ಮೇಲಿನ ಹಲಸಿನ ಹಪ್ಪಳಕ್ಕೆ ಹಳೆ ಸೀರೆ ಹೊದಿಸಿ ನಾಲ್ಕು ಮೂಲೆಗೂ ಕಲ್ಲಿಡುತ್ತಿದ್ದಳು.

ಮಧ್ಯಾಹ್ನ ಬರಿಗಾಲಲ್ಲಿ ಮರಳು ದಾಟಿದವರಿಗೆ ಇದರ ಅರ್ಧ ಕಾರಣ ಗೊತ್ತು. ಅಂಗಾಲು ಸುಡುತ್ತದೆ, ಓಡಿ ನೀರಿಗಿಳಿದರೆ ಹಿತ. ಬಿಸಿಲು ಎರಡಕ್ಕೂ ಒಂದೇ. ಆದರೆ ಒಂದು ಕಿಲೋ ನೀರನ್ನು 1 ಡಿಗ್ರಿ ಬಿಸಿ ಮಾಡುವ ಶಾಖದಲ್ಲಿ ಸುಮಾರು 5 ಕಿಲೋ ಒಣಮರಳು ಅಷ್ಟೇ ಬಿಸಿಯಾಗುತ್ತದೆ. ಸಾಲದ್ದಕ್ಕೆ, ನೀರಿನೊಳಗೆ ಬಿಸಿಲು ಹಲವು ಮೀಟರ್ ಇಳಿಯುತ್ತದೆ, ಅಲೆಗಳು ಅದನ್ನು ಕಲಕಿ ಹಂಚುತ್ತವೆ. ಮರಳಿನಲ್ಲಾದರೆ ಮೇಲಿನ ಕೆಲವೇ ಅಂಗುಲ ಎಲ್ಲವನ್ನೂ ನುಂಗಿ ಕೂರುತ್ತದೆ.

ಉಳಿದರ್ಧವನ್ನು ಶಾಲೆಯಲ್ಲಿ ಕೊಂಚ ತಪ್ಪಾಗಿ ಕಲಿತೆವು. ಬಿಸಿಗಾಳಿ ಮೇಲೇರಿ ನೆಲದ ಮೇಲೆ ಖಾಲಿ ಜಾಗವಾಗುತ್ತದೆ, ಅದನ್ನು ತುಂಬಲು ಕಡಲಗಾಳಿ ಬರುತ್ತದೆ ಎಂದಿದ್ದರು ಮೇಷ್ಟ್ರು. ಖಾಲಿ ಜಾಗವೇನೂ ಆಗುವುದಿಲ್ಲ. ಕಾದ ನೆಲದ ಮೇಲಿನ ಗಾಳಿ ಹಿಗ್ಗಿ ಎತ್ತರಕ್ಕೆ ಬೆಳೆಯುತ್ತದೆ. ಮೇಲ್ಗಡೆ ಅದರ ಒತ್ತಡ ಪಕ್ಕದ ಕಡಲ ಗಾಳಿಗಿಂತ ಹೆಚ್ಚಾಗಿ, ಒಂದಿಷ್ಟು ಗಾಳಿ ಕಡಲಿನತ್ತ ಚೆಲ್ಲುತ್ತದೆ. ಹಾಗೆ ಚೆಲ್ಲಿದಷ್ಟು ನೆಲದ ಮೇಲಿನ ಭಾರ ಇಳಿಯಿತು, ಕಡಲ ಮೇಲಿನದು ಏರಿತು. ಆಮೇಲೆ ಕೆಳಗಡೆ ತಂಪುಗಾಳಿ ದಡಕ್ಕೆ ನುಗ್ಗುತ್ತದೆ. ಇಷ್ಟೆಲ್ಲ ನಡೆಸುವ ಒತ್ತಡದ ವ್ಯತ್ಯಾಸವಾದರೂ ಎಷ್ಟು? ಸುಮಾರು 1 ಹೆಕ್ಟೊಪ್ಯಾಸ್ಕಲ್, ನಮ್ಮ ಮೇಲಿರುವ ಒತ್ತಡದ ಸಾವಿರದಲ್ಲೊಂದು ಪಾಲು. ಹಪ್ಪಳ ಹಾರಿಸಲು ಅಷ್ಟು ಸಾಕು.

ಪಡುವಣದಿಂದ ಹೊರಟ ಈ ಗಾಳಿಯನ್ನು ಭೂಮಿಯ ತಿರುಗಾಟ ಬಲಕ್ಕೆ ಎಳೆಯುತ್ತದೆ. ಹಾಗಾಗಿ ಸಂಜೆಯ ಹೊತ್ತಿಗೆ ಅದು ವಾಯವ್ಯದ ಗಾಳಿ.

ರಾತ್ರಿ ಎಲ್ಲವೂ ಉಲ್ಟಾ. ನೆಲ ಬೇಗ ಆರುತ್ತದೆ, ಕಡಲು ಆರದು. ಘಟ್ಟದ ಇಳಿಜಾರಿನ ತಂಪೂ ಸೇರಿಕೊಂಡು ನೆಲಗಾಳಿ ಕಡಲಿಗೆ ಹೊರಡುತ್ತದೆ. ಹಗಲಿನಷ್ಟು ಕಸುವು ಅದಕ್ಕಿಲ್ಲ. ಆದರೂ ಹಾಯಿಯ ಕಾಲದ ಮೀನುಗಾರರಿಗೆ ಅದು ಪುಕ್ಕಟೆ ಸವಾರಿ: ನಸುಕಿನಲ್ಲಿ ನೆಲಗಾಳಿ ಹಿಡಿದು ಹೋಗುವುದು, ಮಧ್ಯಾಹ್ನ ಕಡಲಗಾಳಿ ಹಿಡಿದು ಮರಳುವುದು. ಮಳೆಗಾಲದಲ್ಲಿ ಮಾತ್ರ ಈ ದಿನಚರಿ ನಡೆಯದು. ಮೋಡ ಕವಿದು ನೆಲ ಕಾಯುವುದಿಲ್ಲ, ಪಡುಗಾಳಿ ಹಗಲಿರುಳು ಬೀಸುತ್ತಲೇ ಇರುತ್ತದೆ. ಆ ಮಳೆಮಾರುತವೂ ಕಡಲು-ನೆಲಗಳ ಬಿಸಿಯ ಅಂತರದಿಂದಲೇ ಹುಟ್ಟುತ್ತದೆಂದು 1686ರಲ್ಲಿ ಬರೆದವನು ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ. ಕತೆ ಅಷ್ಟು ಸರಳವಲ್ಲವೆಂದು ಈಗ ತಿಳಿದಿದೆ, ಆದರೂ ಅವನ ಊಹೆ ಪೂರ್ತಿ ಸುಳ್ಳಾಗಿಲ್ಲ.

ಕರಾವಳಿಯವರು ನಿಜಕ್ಕೂ ಲೆಕ್ಕವಿಡಬೇಕಾದದ್ದು ಗಾಳಿ ತಿರುಗುವ ಗಂಟೆಯನ್ನು. ಫೆಬ್ರವರಿ, ಮಾರ್ಚ್‌ನ ಕೆಲವು ದಿನ ಮೂಡುಗಾಳಿ ಜೋರಾಗಿ ಘಟ್ಟ ಇಳಿಯುತ್ತದೆ. ಒಣಗಾಳಿ ಒಂದು ಕಿಲೋಮೀಟರ್ ಕೆಳಗಿಳಿದರೆ ಸುಮಾರು 10 ಡಿಗ್ರಿ ಬಿಸಿಯೇರುತ್ತದೆ. ಅದು ಕಡಲಗಾಳಿಯನ್ನು ದಡದಾಚೆಯೇ ತಡೆದು ನಿಲ್ಲಿಸಿದರೆ ಕಾರವಾರ, ಹೊನ್ನಾವರ, ಮಂಗಳೂರು ಕಾದ ಕಾವಲಿ. ಬಯಲುಸೀಮೆಗೆ ಶಾಖದ ಅಲೆಯ ಲೆಕ್ಕ 40 ಡಿಗ್ರಿಯಿಂದ ಶುರುವಾದರೆ, ಹವಾಮಾನ ಇಲಾಖೆ ಕರಾವಳಿಗೆ 37ನ್ನೇ ಗೆರೆಯಾಗಿ ಇಟ್ಟುಕೊಂಡಿದೆ.

ಅಂಥ ದಿನ ಪಂಚೆ ಮಧ್ಯಾಹ್ನ ಎರಡಾದರೂ ಕಡಲಿನತ್ತಲೇ ಉಬ್ಬಿರುತ್ತಿತ್ತು. ಸೀರೆ ಹೊದಿಸಿ ಕಲ್ಲಿಡುವ ಕೆಲಸ ತಪ್ಪಿದರೂ ಅಜ್ಜಿಯ ಗೊಣಗಾಟ ತಪ್ಪುತ್ತಿರಲಿಲ್ಲ. ಹಪ್ಪಳ ಗಡಿಬಿಡಿಯಲ್ಲಿ ಒಣಗಿ ಅಂಚು ಸುರುಟಿಕೊಳ್ಳುತ್ತಿತ್ತು. ಚಾಪೆಯಿಂದ ಎತ್ತುವಾಗ ನಾಲ್ಕರಲ್ಲಿ ಒಂದು ಬಿರಿಯುತ್ತಿತ್ತು. ಬಿರಿದದ್ದೆಲ್ಲ ನಮಗೆ.