ಪಕ್ಕದ ಮನೆಯ ಪೆನ್ನಿ

ಹಾಸ್ಯಕ್ಕೂ ಕರುಣಕ್ಕೂ ಹೊಂದಿಕೆಯಿಲ್ಲವೆಂದು ನಮ್ಮ ಆಲಂಕಾರಿಕರು ಹೇಳುತ್ತಾರೆ. ಅವು ಪರಸ್ಪರ ವಿರೋಧಿ ರಸಗಳು. ಅಧ್ಯಾಪಕನಾಗಿದ್ದಷ್ಟು ಕಾಲವೂ ನಾನು ಈ ಮಾತನ್ನು ತರಗತಿಯಲ್ಲಿ ಒಪ್ಪಿಸುತ್ತ ಬಂದೆ. ನಿವೃತ್ತನಾದ ಮೇಲೆ, ಜಯನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ತೋರಿಸಿದ ಹಳೆಯ ಅಮೆರಿಕನ್ ನಗೆಧಾರಾವಾಹಿಯೊಂದು ಆ ಪಾಠವನ್ನು ನಾನೇ ಮತ್ತೆ ಕಲಿಯುವಂತೆ ಮಾಡಿತು.

ಅವಳ ಆಸಕ್ತಿಯಿದ್ದುದು ಜಾನೆಟ್ ಜಾಕ್ಸನ್ ಅವರಲ್ಲಿ. ೧೯೮೬ರ ‘ಕಂಟ್ರೋಲ್’, ೧೯೮೯ರ ‘ರಿದಮ್ ನೇಷನ್ ೧೮೧೪’ ಧ್ವನಿಮುದ್ರಿಕೆಗಳಿಂದ ಲೋಕವಿಖ್ಯಾತರಾದ ಪಾಪ್ ಗಾಯಕಿ, ಮೈಕೇಲ್ ಜಾಕ್ಸನ್ನರ ತಂಗಿ. “ತಾತ, ಹಾಡಿನಿಂದ ಹೆಸರು ಬರೋದಕ್ಕೆ ಮುಂಚೆ ಇವರು ಆಕ್ಟ್ ಮಾಡ್ತಿದ್ರು, ಗೊತ್ತಾ?” ಎಂದಳು. ನನಗೆ ಅದು ಸೋಜಿಗವೆನಿಸಲಿಲ್ಲ. ಹಾಡಲು ಬಾರದವನು ನಟನೇ ಅಲ್ಲ ಎಂಬ ಕಂಪನಿ ನಾಟಕಗಳ ನಾಡು ನಮ್ಮದು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಅವರ ಗಾಯನಕ್ಕೆ ಚಲನಚಿತ್ರದಲ್ಲಿ ಪೂರ್ಣ ಮನ್ನಣೆ ದೊರೆತದ್ದು ೧೯೭೪ರ ‘ಸಂಪತ್ತಿಗೆ ಸವಾಲ್’ನಿಂದ ಈಚೆಗಷ್ಟೆ. ಸೋಜಿಗವಿದ್ದುದು ಆ ಪಾತ್ರದಲ್ಲಿ.

ಧಾರಾವಾಹಿಯ ಹೆಸರು ‘ಗುಡ್ ಟೈಮ್ಸ್’. ೧೯೭೪ರಿಂದ ೧೯೭೯ರವರೆಗೆ ಸಿ.ಬಿ.ಎಸ್. ವಾಹಿನಿಯಲ್ಲಿ ಬಂದ ಇದು ಶಿಕಾಗೋ ನಗರದ ಬಡ ಕರಿಯರ ಕುಟುಂಬವೊಂದರ ಕಥೆ. ಅವರು ವಾಸಿಸುವ ಬಹುಮಹಡಿ ವಸತಿಯೆಂದರೆ ನಮ್ಮ ವಠಾರವನ್ನೇ ಎತ್ತಿ ನಿಲ್ಲಿಸಿದಂತೆ. ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡೇ ಚಿತ್ರೀಕರಿಸುತ್ತಿದ್ದುದರಿಂದ ಅವರ ನಗೆಯೂ ನಮಗೆ ಕೇಳಿಸುತ್ತದೆ. ೧೯೭೭ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಜಾನೆಟ್ ಇಲ್ಲಿಗೆ ಪೆನ್ನಿ ಎಂಬ ಹುಡುಗಿಯಾಗಿ ಬಂದರು.

ಪೆನ್ನಿ ಚೂಟಿ, ಮಾತುಗಾರ್ತಿ. ಅವಳ ಮಾತಿಗೆ ಜನ ನಗುತ್ತಾರೆ. ಮೈಮೇಲಿನ ಗಾಯಗಳಿಗೆ ಅವಳು ಹೇಳುವುದೆಲ್ಲ ನೆಪ. ಮನೆಯಲ್ಲಿ ತಾಯಿಯೇ ಹಿಂಸಿಸುತ್ತಾಳೆ. ಒಂದು ದೃಶ್ಯದಲ್ಲಿ ಆ ತಾಯಿಯ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆಯಿದೆ. ರೌದ್ರದಿಂದ ಕರುಣ ಹುಟ್ಟುತ್ತದೆಂಬ ಭರತನ ಮಾತಿಗೆ ಇದಕ್ಕಿಂತ ಕ್ರೂರವಾದ ನಿದರ್ಶನ ನನಗೆ ತಿಳಿಯದು. ಕೊನೆಗೆ ನೆರೆಮನೆಯ ವಿಲೋನಾ ಎಂಬಾಕೆ ಪೆನ್ನಿಯನ್ನು ದತ್ತು ತೆಗೆದುಕೊಳ್ಳುತ್ತಾಳೆ.

ಹಾಗಾದರೆ ಆಲಂಕಾರಿಕರು ಹೇಳಿದ ವಿರೋಧವೆಲ್ಲಿ ಹೋಯಿತು? ನನಗೆ ತೋರಿದ್ದು ಇಷ್ಟು: ಪೆನ್ನಿಯ ಹಾಸ್ಯ ಕರುಣದ ಎದುರಾಳಿಯಲ್ಲ, ಅದರ ಹೊದಿಕೆ. ನಗಿಸುತ್ತಿರುವವರೆಗೆ ಯಾರೂ ಗಾಯವನ್ನು ಕುರಿತು ಕೇಳುವುದಿಲ್ಲವೆಂಬುದನ್ನು ಆ ಮಗು ಕಲಿತಿದೆ. ಹೊದಿಕೆ ಸರಿದಾಗ, ಅದುವರೆಗೆ ನಕ್ಕ ಪ್ರೇಕ್ಷಕನಿಗೆ ತನ್ನ ನಗೆಯೇ ಚುಚ್ಚುತ್ತದೆ. ಇದನ್ನು ಅಭಿನಯಿಸಬೇಕಾದ ನಟಿ ನಗಿಸುವಾಗಲೂ ಅಂಜುತ್ತಿರಬೇಕು. ಹನ್ನೊಂದರ ಬಾಲಕಿಗೆ ಅದು ಸಾಧ್ಯವಾಗಿದೆ.

ಅದೇ ೧೯೭೭ರ ಸುಮಾರಿನಲ್ಲಿ ನಾನು ಬಿ.ಎ. ವಿದ್ಯಾರ್ಥಿ. ನಾವು ಬನಶಂಕರಿಯ ಒಂದು ವಠಾರದಲ್ಲಿದ್ದೆವು. ಕೊನೆಯ ಮನೆಯ ಹುಡುಗನೊಬ್ಬ ನಲ್ಲಿಯ ಬಳಿ ನಮ್ಮನ್ನೆಲ್ಲ ಅಣಕಿಸಿ ನಗಿಸುತ್ತಿದ್ದ. ರಾತ್ರಿ ಅದೇ ಮನೆಯಿಂದ ಬೆತ್ತದ ಸದ್ದು, ಅಳು. “ಅವರ ಮನೆ ವಿಚಾರ, ನಮಗ್ಯಾಕೆ?” ಎಂದು ಹಿರಿಯರು ಸುಮ್ಮನಾಗುತ್ತಿದ್ದರು. ನಾನು ರೇಡಿಯೋದ ಧ್ವನಿಯನ್ನು ಏರಿಸುತ್ತಿದ್ದೆ. ಒಂದು ತಿಂಗಳ ಕೊನೆಗೆ ಅವರು ಮನೆ ಖಾಲಿ ಮಾಡಿ ಹೊರಟುಹೋದರು. ಆ ಹುಡುಗ ಏನಾದನೋ ಇಂದಿಗೂ ತಿಳಿಯದು.

ಪೆನ್ನಿಯ ಕಥೆ ನಾಲ್ಕು ಕಂತುಗಳದು. ಅವುಗಳ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ ‘ಇವಾನ್ಸ್ ಮನೆಯವರು ತಲೆಹಾಕುತ್ತಾರೆ’ ಎನ್ನಬಹುದು. ಪರರ ಮನೆಯ ವಿಷಯಕ್ಕೆ ತಲೆಹಾಕುವುದನ್ನು ನಾವು ಅಸಭ್ಯತೆಯೆಂದೇ ಬಗೆದವರು. ಆ ಮಗುವಿನ ಪಾಲಿಗೆ ಅದೇ ಬದುಕಾಯಿತು. ಇಂದು ಸಂಕಟದಲ್ಲಿರುವ ಮಕ್ಕಳಿಗಾಗಿ ನಮ್ಮ ದೇಶದಲ್ಲಿ ೧೦೯೮ ಎಂಬ ದೂರವಾಣಿ ಸಂಖ್ಯೆಯಿದೆ. ಅಂದು ನಮ್ಮ ವಠಾರದಲ್ಲಿ ದೂರವಾಣಿಯಿರಲಿಲ್ಲ, ನಿಜ. ಆದರೆ ಕೊನೆಯ ಮನೆಯ ಬಾಗಿಲು ನನ್ನ ಕೋಣೆಯಿಂದ ಹತ್ತು ಹೆಜ್ಜೆಯಷ್ಟೇ ದೂರವಿತ್ತು.