ಸೈಕಲ್ಲಿನ ಒಡಲೊಳಗಿನ ತಂತಿ

ಗೇರ್ ಸೈಕಲ್ಲನ್ನು ನೆಚ್ಚಿದವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಪ್ರಸಂಗವೊಂದುಂಟು. ನನಗೆ ಅದು ಒಂದು ಭಾನುವಾರದ ಮುಂಜಾನೆ ಚಾಮುಂಡಿ ಬೆಟ್ಟದ ಅರ್ಧದಾರಿಯಲ್ಲಿ ಒದಗಿತು. ಬಲಗೈಯ ಗೇರ್ ಹಿಡಿಯೊಳಗೆ ‘ಟಕ್’ ಎಂದು ಸದ್ದಾಯಿತು. ಮರುಕ್ಷಣವೇ ಚೈನು ಹಿಂಚಕ್ರದ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಜಾರಿತು. ಏರುದಾರಿಯಲ್ಲಿ ಅದನ್ನು ತುಳಿಯುವುದು ನನ್ನಂಥವನಿಂದ ಆಗುವ ಮಾತಲ್ಲ. ಸೈಕಲ್ಲನ್ನು ತಿರುಗಿಸಿ, ತಲೆತಗ್ಗಿಸಿ ಮನೆಗೆ ಬಂದೆ.

ತುಂಡಾದದ್ದು 1.2 ಮಿಲಿಮೀಟರ್ ದಪ್ಪದ ಉಕ್ಕಿನ ಕೇಬಲ್. ಹೊರಗವಚದೊಳಗೆ ಜಾರುವ ಇಂಥ ತಂತಿಗೆ, 1896ರಲ್ಲಿ ಅದರ ಪೇಟೆಂಟ್ ಪಡೆದ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಅವರ ಹೆಸರೇ ನಿಂತಿದೆ. ಹಿಡಿಯೊಳಗಿನ ಪುಟ್ಟ ರಾಟೆಗೆ ಸುತ್ತಿಕೊಳ್ಳುವ ಕೇಬಲ್ಲು ಪ್ರತಿಸಲವೂ ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಹೀಗೆ ದಣಿದು ಅದರ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಗೇರು ಕೆಲವು ದಿನಗಳಿಂದ ತಡವರಿಸುತ್ತಿದ್ದುದು ಅದರದೇ ಮುನ್ಸೂಚನೆ. ನಾನದನ್ನು ಲೆಕ್ಕಿಸಿರಲಿಲ್ಲ.

ಹಿಂದಿನ ಸೈಕಲ್ಲುಗಳಲ್ಲಿ ಈ ತಂತಿ ಫ್ರೇಮಿನ ಹೊರಗೇ ಕಾಣುತ್ತಿತ್ತು. ಈಗಿನ ಅನೇಕ ರೇಸ್ ಸೈಕಲ್ಲುಗಳಲ್ಲಿ ಅದು ಮುಂದಿನ ಒಂದು ರಂಧ್ರದಿಂದ ಫ್ರೇಮಿನೊಳಕ್ಕೆ ಹೊಕ್ಕು, ಹಿಂಚಕ್ರದ ಬಳಿಯ ಇನ್ನೊಂದು ರಂಧ್ರದಿಂದ ಹೊರಬರುತ್ತದೆ. ನೋಟಕ್ಕೆ ಚೆಂದ, ಧೂಳು, ಕೆಸರುಗಳ ಕಾಟವೂ ಕಡಿಮೆ. ಆದರೆ ಒಳಗಿನ ದಾರಿ ಕಣ್ಣಿಗೆ ಕಾಣದು.

ನಾನು ಆತುರಗಾರ. ಹಳೆಯ ತಂತಿಯನ್ನು ಹಿಂದಿನಿಂದ ಸರ್ರನೆ ಎಳೆದು ಬಿಸುಟೆ. ಹೊಸದನ್ನು ಮುಂದಿನಿಂದ ತೂರಿಸಿದೆ. ಅದು ಒಳಗೆ ಎಲ್ಲೆಲ್ಲಿಯೋ ತಡವಿತೇ ಹೊರತು ಹಿಂದಿನ ರಂಧ್ರದಲ್ಲಿ ಮುಖ ತೋರಿಸಲಿಲ್ಲ. ಎರಡು ಗಂಟೆ ಹೆಣಗಿದ್ದನ್ನು ನೋಡಿದ ಅಮ್ಮ, “ಅಲ್ಲವೋ, ಲಂಗದ ಲಾಡಿ ಬದಲಾಯಿಸುವಾಗ ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಎಳೆಯುವುದಿಲ್ಲವೆ? ಮೊದಲೇ ಕಿತ್ತುಹಾಕಿದರೆ ದಾರಿ ತೋರಿಸುವವರು ಯಾರು?” ಎಂದರು. ಎಂ.ಎ. ಓದಿದ ತಲೆಗೆ ಇದು ಹೊಳೆದಿರಲಿಲ್ಲ!

ಕಳೆದ ದಾರಿಯನ್ನು ಹುಡುಕಲು ದಾರವೇ ಬೇಕಾಯಿತು. ಮಗಳು ಮುಂದಿನ ರಂಧ್ರಕ್ಕೆ ಹೊಲಿಗೆ ದಾರದ ತುದಿಯನ್ನು ಬಿಟ್ಟು ಉಂಡೆಯನ್ನು ಸಡಿಲವಾಗಿ ಹಿಡಿದಳು. ಉಳಿದ ಕಿಂಡಿಗಳನ್ನು ಟೇಪಿನಿಂದ ಮುಚ್ಚಿ, ಹಿಂದಿನ ರಂಧ್ರಕ್ಕೆ ಧೂಳು ಹೀರುವ ಯಂತ್ರದ ಬಾಯಿಯನ್ನಿಟ್ಟೆ. ಮೂರನೆಯ ಯತ್ನಕ್ಕೆ ದಾರ ಹೊರಬಂದಿತು. ಅದಕ್ಕೆ ಗಟ್ಟಿ ಹುರಿಯನ್ನು ಕಟ್ಟಿ ಎಳೆದು, ಹುರಿಗೆ ಕೇಬಲ್ಲಿನ ತುದಿಯನ್ನು ಟೇಪಿನಿಂದ ಬಿಗಿದು ನಯವಾಗಿ ಎಳೆದೆವು.

ವಾಚಕರು ಈ ಪಾಡು ಪಡಬೇಕಿಲ್ಲ. ಕ್ರಮ ಇಷ್ಟೆ: ಮೊದಲು ಗೇರನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ, ಹಿಂದೆ ತಂತಿಯನ್ನು ಹಿಡಿದ ತಿರುಪನ್ನು ಸಡಿಲಿಸಿ. ತುದಿಯ ಟೋಪಿಯನ್ನು ಕತ್ತರಿಸಿ, ಹಿಂದಿನ ಹೊರಗವಚವನ್ನು ಕಳಚಿ. ಈಗ ಹಳೆಯ ತಂತಿಯ ಮೇಲೆಯೇ ತೆಳುವಾದ ಪ್ಲಾಸ್ಟಿಕ್ ಕೊಳವೆಯನ್ನು, ಮುಂದಿನ ರಂಧ್ರದಲ್ಲಿ ಹೊರಬರುವವರೆಗೆ ತಳ್ಳಿ. ಆಮೇಲೆ ಮಾತ್ರ ಹಳೆಯ ತಂತಿಯನ್ನು ಹಿಡಿಯ ಕಡೆಯಿಂದ ಹೊರತೆಗೆಯಿರಿ. ಹೊಸ ತಂತಿಯನ್ನು ಹಿಡಿಯಿಂದ ತೂರಿಸಿ ಕೊಳವೆಯೊಳಕ್ಕೆ ಬಿಟ್ಟರೆ ಅದು ತಾನಾಗಿ ಹಿಂದೆ ಹೊರಬರುತ್ತದೆ. ಬಳಿಕ ಕೊಳವೆಯನ್ನು ಹಿಂದಕ್ಕೆ ಜಾರಿಸಿ ತೆಗೆದು, ಕವಚ ತೊಡಿಸಿ, ತಿರುಪು ಬಿಗಿಯಿರಿ. ನನ್ನಂತೆ ಹಿಡಿಯೊಳಗೇ ತಂತಿ ತುಂಡಾಗಿದ್ದರೂ ಒಳಗುಳಿದ ಭಾಗವನ್ನು ಕೊಳವೆ ತೊಡಿಸದೆ ಎಳೆಯಬೇಡಿ. ಹಿಡಿಯಲ್ಲಿ ಸಿಕ್ಕಿಕೊಂಡ ಚೂರುಗಳನ್ನು ಒಂದೂ ಉಳಿಯದಂತೆ ತೆಗೆಯಿರಿ.

ಇನ್ನೊಂದು ಎಚ್ಚರಿಕೆಯ ಮಾತು. ಗೇರಿನ ಹೊರಗವಚದಲ್ಲಿ ಉಕ್ಕಿನ ಎಳೆಗಳು ಉದ್ದುದ್ದವಾಗಿರುತ್ತವೆ, ಬ್ರೇಕಿನದರಲ್ಲಿ ಸುರುಳಿಯಾಗಿರುತ್ತವೆ. ಗೇರಿನ ಕವಚವನ್ನು ಎಂದಿಗೂ ಬ್ರೇಕಿಗೆ ಹಾಕಬಾರದು. ಬಲವಾಗಿ ಬ್ರೇಕು ಹಿಡಿದಾಗ ಅದು ಸಿಡಿದು, ಸವಾರನ ಪ್ರಾಣಕ್ಕೇ ಕುತ್ತಾದೀತು.

ಮುಂದಿನ ಭಾನುವಾರ ಬೆಟ್ಟದ ತುದಿಯವರೆಗೂ ತುಳಿದೆ. ಗೇರು ಹೇಳಿದಂತೆ ಕೇಳಿತು. ಮನೆಯಲ್ಲಿ ನನ್ನ ಉಪಕರಣಗಳ ಪೆಟ್ಟಿಗೆಗೆ ಹೊಸದಾಗಿ ಒಂದು ಪ್ಲಾಸ್ಟಿಕ್ ಕೊಳವೆ ಸೇರಿದೆ. ಅಮ್ಮ ಅದನ್ನು ‘ಲಾಡಿ ಕಡ್ಡಿ’ ಎಂದೇ ಕರೆಯುತ್ತಾರೆ.