ಬೇರುಗಂಟಿನೊಳಗಿನ ಲೆಕ್ಕ: ದುಡಿಯುವ ಅಣುಜೀವಿ, ದುಡಿಯದ ಅಣುಜೀವಿ

ತೊಗರಿ, ಹೆಸರು, ಉದ್ದು, ಅಲಸಂದೆ, ಕಡಲೆ, ನೆಲಗಡಲೆ, ಸೋಯಾ ಅವರೆ ಮುಂತಾದ ದ್ವಿದಳ ಬೆಳೆಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುವುದನ್ನು ರೈತರು ಬಲ್ಲರು. ಈ ಗಂಟುಗಳಲ್ಲಿ ರೈಜೋಬಿಯಂ ಗುಂಪಿನ ಅಣುಜೀವಿಗಳು ವಾಸಿಸುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಅಣುಜೀವಿಯು ಆ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗುವ ರೂಪಕ್ಕೆ ತಂದು ಕೊಡುತ್ತದೆ. ಪ್ರತಿಯಾಗಿ ಗಿಡವು ಎಲೆಯಲ್ಲಿ ತಯಾರಾದ ಆಹಾರದ ಒಂದು ಪಾಲನ್ನು ಅದಕ್ಕೆ ಉಣಿಸುತ್ತದೆ. 1880ರ ದಶಕದಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಅವರು ಗಂಟುಗಳಿಗೂ ಗಾಳಿಯ ಸಾರಜನಕಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. 1888ರಲ್ಲಿ ಹಾಲೆಂಡಿನ ಬೈಯೆರಿಂಕ್ ಅವರು ಗಂಟಿನ ಅಣುಜೀವಿಯನ್ನು ಬೇರ್ಪಡಿಸಿ ಬೆಳೆಸಿದರು.

ಆದರೆ ಕೆಲವು ಹೊಲಗಳಲ್ಲಿ ಬೇರಿನ ತುಂಬ ಗಂಟುಗಳಿದ್ದರೂ ಗಿಡ ಹಳದಿಯಾಗಿ ಸೊರಗಿರುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಗಂಟಿನಲ್ಲಿ ಸೇರಿಕೊಂಡ ಅಣುಜೀವಿಗಳೆಲ್ಲ ಒಂದೇ ಸಮನಾಗಿ ದುಡಿಯದಿರುವುದು. ಈ ವಿಷಯವನ್ನು ವಿಜ್ಞಾನಿಗಳು ಈಗ ಗಣಿತದ ಸಹಾಯದಿಂದಲೂ ಅಭ್ಯಾಸ ಮಾಡುತ್ತಿದ್ದಾರೆ. ಆ ಲೆಕ್ಕ ಕಷ್ಟದ್ದೇನೂ ಅಲ್ಲ, ಹೊಲದ ಕೆಲಸಕ್ಕೂ ಅದರಿಂದ ಪ್ರಯೋಜನವಿದೆ.

ಮುಯ್ಯಾಳಿನಂತಹ ಸಂಬಂಧ

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇದೆ. ಇಂದು ನಾನು ನಿಮ್ಮ ಹೊಲಕ್ಕೆ ಬಂದರೆ, ನಾಳೆ ನೀವು ನನ್ನ ಹೊಲಕ್ಕೆ ಬರಬೇಕು. ಊಟಕ್ಕೆ ಮಾತ್ರ ಬಂದು ಕೆಲಸದ ಹೊತ್ತಿಗೆ ಮರೆಯಾಗುವವನನ್ನು ಮುಂದಿನ ಸಲ ಯಾರೂ ಕರೆಯುವುದಿಲ್ಲ. ಆ ಭಯ ಇರುವುದರಿಂದಲೇ ಮುಯ್ಯಿ ನಡೆದುಕೊಂಡು ಬಂದಿದೆ.

ಅಣುಜೀವಿಗೆ ನಾಚಿಕೆಯೂ ಇಲ್ಲ, ನೆರೆಹೊರೆಯವರ ಮಾತಿನ ಭಯವೂ ಇಲ್ಲ. ಸಾರಜನಕವನ್ನು ಹಿಡಿಯುವುದಕ್ಕೆ ಅದು ಬಹಳ ಶಕ್ತಿಯನ್ನು ವ್ಯಯಿಸಬೇಕು. ಆ ಶಕ್ತಿಯನ್ನು ಉಳಿಸಿಕೊಂಡ ಅಣುಜೀವಿ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳಬಲ್ಲದು. ಹಾಗಿದ್ದರೆ ಇಷ್ಟು ಕಾಲದಲ್ಲಿ ಎಲ್ಲ ಅಣುಜೀವಿಗಳೂ ಸೋಮಾರಿಗಳೇ ಆಗಬೇಕಾಗಿತ್ತಲ್ಲವೇ?

ಕಾಗದದ ಮೇಲೆ ಒಂದು ಲೆಕ್ಕ

ಉದಾಹರಣೆಗಾಗಿ ಒಂದು ಹೊಲದಲ್ಲಿ ನೂರು ಗಂಟುಗಳಿವೆ ಎಂದಿಟ್ಟುಕೊಳ್ಳಿ. 90 ಗಂಟುಗಳಲ್ಲಿ ದುಡಿಯುವ ತಳಿ, 10 ಗಂಟುಗಳಲ್ಲಿ ಸೋಮಾರಿ ತಳಿ ಇದೆ. ಗಿಡವು ಎಲ್ಲ ಗಂಟುಗಳಿಗೂ ಸಮನಾಗಿ ಉಣಿಸುತ್ತದೆ. ಹಂಗಾಮಿನ ಕೊನೆಗೆ ದುಡಿಯುವ ಗಂಟಿನಿಂದ 100 ಪಾಲು ಅಣುಜೀವಿಗಳು ಮಣ್ಣಿಗೆ ಸೇರಿದರೆ, ಶಕ್ತಿ ಉಳಿಸಿಕೊಂಡ ಸೋಮಾರಿ ಗಂಟಿನಿಂದ 120 ಪಾಲು ಸೇರುತ್ತವೆ ಎಂದು ಭಾವಿಸೋಣ.

ಮೊದಲ ಹಂಗಾಮಿನ ಕೊನೆಗೆ ದುಡಿಯುವವು 9,000 ಪಾಲು, ಸೋಮಾರಿಗಳು 1,200 ಪಾಲು. ಸೋಮಾರಿಗಳು ನೂರಕ್ಕೆ 10ರಿಂದ ಸುಮಾರು 12ಕ್ಕೆ ಏರಿದವು. ಇದು ಅಲ್ಪವೆಂದು ತೋರಬಹುದು. ಆದರೆ ಚಕ್ರಬಡ್ಡಿಯಂತೆ ಇದು ಬೆಳೆಯುತ್ತ ಹೋಗುತ್ತದೆ. 12 ಹಂಗಾಮುಗಳಲ್ಲಿ ಸೋಮಾರಿಗಳು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತವೆ. 24 ಹಂಗಾಮುಗಳಲ್ಲಿ ನೂರಕ್ಕೆ ಸುಮಾರು 90 ಆಗುತ್ತವೆ.

ಸೋಮಾರಿಗಳು ಹೆಚ್ಚಿದಂತೆ ಗಿಡ ಸೊರಗಿ, ಎಲ್ಲರಿಗೂ ಆಹಾರ ಕಡಿಮೆಯಾಗುವುದು ನಿಜ. ಆದರೆ ಆ ನಷ್ಟ ಎರಡು ತಳಿಗಳಿಗೂ ಸಮನಾಗಿ ತಗಲುವುದರಿಂದ ಅವುಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಎಲ್ಲರೂ ಪಲ್ಲಕ್ಕಿಯಲ್ಲಿ ಕುಳಿತರೆ ಹೊರುವವರು ಯಾರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಗಿಡ ನೋಡಿ ಉಣಿಸಿದರೆ

ಈಗ ಲೆಕ್ಕದಲ್ಲಿ ಒಂದು ಬದಲಾವಣೆ ಮಾಡೋಣ. ಸಾರಜನಕ ಕೊಡದ ಗಂಟಿಗೆ ಗಿಡವು ಉಣಿಸುವುದನ್ನು ಕಡಿಮೆ ಮಾಡಿ, ಅದರ ಸಂತತಿ ಅರ್ಧಕ್ಕೆ ಇಳಿಯಿತೆನ್ನಿ. ಆಗ ಸೋಮಾರಿ ಗಂಟಿನಿಂದ 120ರ ಬದಲು 60 ಪಾಲು ಮಾತ್ರ ಹೊರಬರುತ್ತವೆ. ಮೊದಲಿಗೆ ಅರ್ಧದಷ್ಟು ಸೋಮಾರಿಗಳೇ ಇದ್ದರೂ, ಐದು ಹಂಗಾಮುಗಳಲ್ಲಿ ಅವು ನೂರಕ್ಕೆ 7ರಷ್ಟಕ್ಕೆ ಇಳಿಯುತ್ತವೆ. ಈ ಉದಾಹರಣೆಯಲ್ಲಿ ಸೋಮಾರಿತನದ ಲಾಭವನ್ನು ಅಳಿಸಲು ಆರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕಡಿತವಾದರೂ ಸಾಕು.

ಅಣುಜೀವಿಗಳ ನಂಟಿನ ಲೆಕ್ಕವೂ ಇಲ್ಲಿ ಸೇರುತ್ತದೆ. ಉಪಕಾರದ ಲಾಭವನ್ನು ನಂಟಿನ ಪ್ರಮಾಣದಿಂದ ಗುಣಿಸಿದರೆ ಬರುವ ಮೊತ್ತವು, ಉಪಕಾರ ಮಾಡಿದವನಿಗೆ ತಗಲುವ ವೆಚ್ಚಕ್ಕಿಂತ ಹೆಚ್ಚಿದ್ದರೆ ಆ ಗುಣ ಬೆಳೆಯುತ್ತದೆ ಎಂದು 1964ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಅವರು ತೋರಿಸಿದರು. ಸಾಮಾನ್ಯವಾಗಿ ಒಂದು ಗಂಟು ಒಂದೇ ಅಣುಜೀವಿಯಿಂದ ಆರಂಭವಾಗುತ್ತದೆ. ಆದ್ದರಿಂದ ಗಂಟೆಂದರೆ ಒಂದೇ ಮನೆತನ. ಆದರೆ ಒಂದು ಗಿಡದ ಬೇರಿನಲ್ಲಿ ಹಲವು ಮನೆತನಗಳಿರುತ್ತವೆ. ಗಿಡ ಕಣ್ಣು ಮುಚ್ಚಿ ಉಣಿಸಿದರೆ ಒಬ್ಬರ ದುಡಿಮೆ ಪರರ ಪಾಲಾಗುತ್ತದೆ. ಗಂಟು ಗಂಟನ್ನೂ ಪ್ರತ್ಯೇಕವಾಗಿ ನೋಡಿ ಉಣಿಸಿದರೆ, ದುಡಿದ ಮನೆತನಕ್ಕೆ ಅದರ ಫಲ ಸಿಗುತ್ತದೆ. ಒಂದೇ ಗಂಟಿನಲ್ಲಿ ಎರಡು ತಳಿಗಳು ಸೇರಿಕೊಂಡರೆ ಮಾತ್ರ ಸೋಮಾರಿಯು ದುಡಿಯುವವನ ಮರೆಯಲ್ಲಿ ಉಳಿದುಕೊಳ್ಳಬಹುದು.

ಪ್ರಯೋಗದ ಫಲಿತಾಂಶ

2002ರಲ್ಲಿ ವೆಸ್ಟ್, ಕೀಯರ್ಸ್, ಸಿಮ್ಸ್ ಮತ್ತು ಡೆನಿಸನ್ ಎಂಬ ವಿಜ್ಞಾನಿಗಳು ಇಂತಹ ಗಣಿತವನ್ನು ವಿವರವಾಗಿ ಪ್ರಕಟಿಸಿದರು. ಮರುವರ್ಷ, 2003ರಲ್ಲಿ, ಕೀಯರ್ಸ್ ಮತ್ತು ಸಂಗಡಿಗರು ಸೋಯಾ ಅವರೆಯಲ್ಲಿ ನಡೆಸಿದ ಪ್ರಯೋಗದ ವರದಿ ಬಂತು. ಅವರು ಗಂಟುಗಳ ಸುತ್ತಲಿನ ಗಾಳಿಯಿಂದ ಸಾರಜನಕವನ್ನು ತೆಗೆದು ಅದರ ಬದಲು ಆರ್ಗಾನ್ ಅನಿಲವನ್ನು ತುಂಬಿದರು. ಹಿಡಿಯಲು ಸಾರಜನಕವೇ ಇಲ್ಲದ್ದರಿಂದ ಒಳ್ಳೆಯ ತಳಿಯ ಅಣುಜೀವಿಗಳೂ ಬಲವಂತದ ಸೋಮಾರಿಗಳಾದವು. ಅಂತಹ ಗಂಟುಗಳಲ್ಲಿ ಅಣುಜೀವಿಗಳ ಸಂತತಿ ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಇಡೀ ಗಿಡ, ಅರ್ಧ ಬೇರು, ಒಂಟಿ ಗಂಟು, ಈ ಮೂರು ಬಗೆಯ ಪರೀಕ್ಷೆಗಳಲ್ಲೂ ಇದೇ ಕಂಡುಬಂತು. ಗಿಡವು ಕಣ್ಣು ಮುಚ್ಚಿ ಉಣಿಸುವುದಿಲ್ಲವೆಂದು ಇದರಿಂದ ತಿಳಿಯಿತು.

ಸಾರಜನಕ ಗೊಬ್ಬರ ಹೆಚ್ಚಾದರೆ

ಮಣ್ಣಿನಲ್ಲಿಯೇ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡಕ್ಕೆ ಅಣುಜೀವಿಯ ಹಂಗು ಕಡಿಮೆಯಾಗುತ್ತದೆ. ಗಂಟುಗಳೂ ಕಡಿಮೆಯಾಗುತ್ತವೆ. ಅಷ್ಟೇ ಅಲ್ಲದೆ, ಮಣ್ಣಿನಲ್ಲಿರುವ ಅಣುಜೀವಿಗಳ ಗುಣವೂ ಕಾಲಕ್ರಮದಲ್ಲಿ ಬದಲಾಗಬಹುದು. ಅಮೆರಿಕದ ಮಿಷಿಗನ್‌ನಲ್ಲಿ 22 ವರ್ಷ ಸತತವಾಗಿ ಸಾರಜನಕ ಹಾಕಿದ ತಾಕುಗಳಿಂದಲೂ ಹಾಕದ ತಾಕುಗಳಿಂದಲೂ ರೈಜೋಬಿಯಂ ತೆಗೆದು, ಕ್ಲೋವರ್ ಎಂಬ ಮೇವಿನ ದ್ವಿದಳ ಗಿಡಗಳಿಗೆ ಕೊಟ್ಟು ನೋಡಲಾಯಿತು. ಗೊಬ್ಬರದ ತಾಕಿನ ಅಣುಜೀವಿಗಳನ್ನು ಪಡೆದ ಗಿಡಗಳು ನೂರಕ್ಕೆ 17ರಿಂದ 30ರಷ್ಟು ಕಡಿಮೆ ಬೆಳೆದವೆಂದು 2015ರಲ್ಲಿ ವರದಿಯಾಯಿತು. ಈ ಅಂಕಿಗಳನ್ನು ನಮ್ಮ ತೊಗರಿ, ಹೆಸರಿಗೆ ಹಾಗೆಯೇ ಅನ್ವಯಿಸಬಾರದು. ಆದರೂ ಎಚ್ಚರಿಕೆ ಸ್ಪಷ್ಟವಾಗಿದೆ. ಅತಿಯಾದ ಯೂರಿಯಾದಿಂದ ಹಣ ಪೋಲಾಗುವುದಲ್ಲದೆ, ಪುಕ್ಕಟೆಯಾಗಿ ದುಡಿಯುವ ಆಳುಗಳೂ ಕೈಬಿಟ್ಟು ಹೋಗಬಹುದು.

ಬೀಜದ ತಳಿಗೂ ಇದೇ ಮಾತು ಸಲ್ಲುತ್ತದೆ. 60 ವರ್ಷಗಳ ಅವಧಿಯಲ್ಲಿ ಬಂದ ಆರು ಸೋಯಾ ತಳಿಗಳನ್ನು ಹೋಲಿಸಿದ 2007ರ ಅಧ್ಯಯನದಲ್ಲಿ, ಒಳ್ಳೆಯ ಮತ್ತು ಕೆಟ್ಟ ಅಣುಜೀವಿಗಳು ಬೆರೆತಿದ್ದಾಗ ಹಳೆಯ ತಳಿಗಳು ಹೊಸವಕ್ಕಿಂತ ಚೆನ್ನಾಗಿ ನಿಭಾಯಿಸಿದವು.

ರೈತರು ಅನುಸರಿಸಬೇಕಾದ ಕ್ರಮಗಳು

1. ದ್ವಿದಳ ಬೆಳೆಗೆ ಶಿಫಾರಸು ಮಾಡಿದಷ್ಟೇ ಸಾರಜನಕವನ್ನು ಬಿತ್ತನೆಯ ಕಾಲದಲ್ಲಿ ಕೊಡಿರಿ. ರಂಜಕವನ್ನು ಮಾತ್ರ ಕಡಿಮೆ ಮಾಡಬೇಡಿರಿ. ಗಂಟುಗಳ ಕೆಲಸಕ್ಕೆ ಅದು ಬೇಕೇ ಬೇಕು.

2. ಆಯಾ ಬೆಳೆಗೆ ಹೊಂದುವ ರೈಜೋಬಿಯಂ ಅನ್ನೇ ಬೀಜಕ್ಕೆ ಲೇಪಿಸಿರಿ. ಕಡಲೆಯ ಅಣುಜೀವಿ ಸೋಯಾ ಅವರೆಗೆ ಬರುವುದಿಲ್ಲ. ಈ ಬೆಳೆಗಳನ್ನು ಮೊದಲ ಸಲ ಬೆಳೆಯುವ ಹೊಲಗಳಲ್ಲಿ ಲೇಪನ ಬಹು ಮುಖ್ಯ.

3. ಬೆಲ್ಲದ ಅಂಟು ದ್ರಾವಣದೊಡನೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಕೂಡಲೇ ಬಿತ್ತಿರಿ. ಶಿಲೀಂಧ್ರನಾಶಕದ ಉಪಚಾರವಿದ್ದರೆ ಅದನ್ನು ಮೊದಲು ಮಾಡಿ, ರೈಜೋಬಿಯಂ ಅನ್ನು ಕೊನೆಯಲ್ಲಿ ಲೇಪಿಸಬೇಕು. ಲೇಪಿಸಿದ ಬೀಜವನ್ನು ರಾಸಾಯನಿಕ ಗೊಬ್ಬರದೊಡನೆ ಬೆರೆಸಬಾರದು.

4. ಹೂ ಬಿಡುವ ಸಮಯಕ್ಕೆ ಹೊಲದ ನಾಲ್ಕಾರು ಕಡೆ ಗಿಡಗಳನ್ನು ಬೇರು ಹರಿಯದಂತೆ ಮಣ್ಣು ಸಮೇತ ಅಗೆದು, ನೀರಿನಲ್ಲಿ ತೊಳೆದು, ಗಂಟುಗಳನ್ನು ಸೀಳಿ ನೋಡಿರಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಅದು ದುಡಿಯುವ ಗಂಟು. ಬಿಳಿಚಿಕೊಂಡ ಅಥವಾ ಹಸಿರು ಬಣ್ಣದ ಗಂಟಿನಿಂದ ಗಿಡಕ್ಕೆ ಪ್ರಯೋಜನವಿಲ್ಲ.

ಗಂಟುಗಳನ್ನು ಎಣಿಸಿ ತೃಪ್ತಿಪಡುವುದಕ್ಕಿಂತ ಸೀಳಿ ನೋಡುವುದು ಲೇಸು. ಹೆಚ್ಚಿನ ಗಂಟುಗಳು ಬಿಳಿಚಿಕೊಂಡಿದ್ದರೆ, ಮುಂದಿನ ಹಂಗಾಮಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಪಡೆದು ಬಿತ್ತನೆಗೆ ಅಣಿಯಾಗಿರಿ.